ಸಿಂಗಪುರದ ಮಾದಕವಸ್ತು ಕಾಯ್ದೆ: 'ಗೊತ್ತಿರಲಿಲ್ಲ' ಎಂದು ತೋರಿಸುವ ಹೊಣೆ ನಿಮ್ಮದೇ

ಸ್ವಲ್ಪವೇ ಸಿಕ್ಕರೆ ದಂಡ ಕಟ್ಟಿ, ಜಾಮೀನು ಪಡೆದು ಹೊರಬರಬಹುದು ಎಂಬ ಊರಿನ ಲೆಕ್ಕವನ್ನು ಸಿಂಗಪುರಕ್ಕೆ ತರಬೇಡಿ. ಇಲ್ಲಿಯ 1973ರ ಮಿಸ್‌ಯೂಸ್ ಆಫ್ ಡ್ರಗ್ಸ್ ಆಕ್ಟ್‌ನಲ್ಲಿ ತೂಕವೇ ಆರೋಪವನ್ನು ನಿರ್ಧರಿಸುತ್ತದೆ. ನಿಮ್ಮ ಬಳಿ 15 ಗ್ರಾಂಗಿಂತ ಹೆಚ್ಚು ಗಾಂಜಾ, 3 ಗ್ರಾಂಗಿಂತ ಹೆಚ್ಚು ಕೊಕೇನ್ ಅಥವಾ 2 ಗ್ರಾಂಗಿಂತ ಹೆಚ್ಚು ಡೈಮಾರ್ಫಿನ್ (ಹೆರಾಯಿನ್‌ನ ಮುಖ್ಯ ಅಂಶ) ಸಿಕ್ಕರೆ, ಅದು ಸಾಗಾಣಿಕೆಗೇ ಇಟ್ಟದ್ದು ಎಂದು ಕಾನೂನು ಭಾವಿಸುತ್ತದೆ. ಹೆರಾಯಿನ್ ಪೊಟ್ಟಣದಲ್ಲಿ ಲೆಕ್ಕಕ್ಕೆ ಬರುವುದು ಇಡೀ ಪುಡಿಯ ತೂಕವಲ್ಲ, ಪ್ರಯೋಗಾಲಯ ಕಂಡುಹಿಡಿದ ಶುದ್ಧ ಡೈಮಾರ್ಫಿನ್‌ನ ತೂಕ. ಅದು 15 ಗ್ರಾಂ ದಾಟಿದರೆ, ಗಾಂಜಾ 500 ಗ್ರಾಂ ದಾಟಿದರೆ ಮರಣದಂಡನೆ. ಅದಕ್ಕಿಂತ ಕಡಿಮೆಯಿದ್ದರೂ ಎ ವರ್ಗದ (ಗಾಂಜಾ, ಕೊಕೇನ್, ಹೆರಾಯಿನ್‌ನಂಥ) ಮಾದಕವಸ್ತು ಸಾಗಿಸಿದವರಿಗೆ ಕನಿಷ್ಠ 5 ವರ್ಷ ಜೈಲು, 5 ಛಡಿಯೇಟು. ಹೆಂಗಸರಿಗೂ 50 ದಾಟಿದ ಗಂಡಸರಿಗೂ ಛಡಿಯೇಟು ಇಲ್ಲ.

ಹಣ ತೆಗೆದುಕೊಳ್ಳದಿದ್ದರೆ ಸಾಗಾಣಿಕೆಯಲ್ಲ ಎಂದುಕೊಂಡವರೂ ಇದ್ದಾರೆ. ಗೆಳೆಯನಿಗೆ ಪುಕ್ಕಟೆ ಕೊಟ್ಟರೂ, ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಿಸಿದರೂ ಅದು ಸಾಗಾಣಿಕೆಯೇ.

ಪರಿಚಯದವರು ಕೊಟ್ಟ ಪಾರ್ಸೆಲ್‌ನ ವಿಷಯ ಇನ್ನೂ ಬಿಗಿ. ಸೆಕ್ಷನ್ 18ರ ಪ್ರಕಾರ ಚೀಲ ನಿಮ್ಮ ಕೈಯಲ್ಲಿದ್ದರೆ ಒಳಗಿರುವುದು ನಿಮ್ಮ ವಶದಲ್ಲಿದೆ, ಅದು ಯಾವ ಮಾದಕವಸ್ತು ಎಂಬುದೂ ನಿಮಗೆ ಗೊತ್ತಿದೆ ಎಂದು ಊಹಿಸಲಾಗುತ್ತದೆ. ಬಾಡಿಗೆ ಕೋಣೆಯ ಬೀಗದ ಕೈ ಇಟ್ಟುಕೊಂಡವರಿಗೂ ಇದೇ ನಿಯಮ. ಆ ಊಹೆಯನ್ನು ಅಳಿಸುವ ಹೊಣೆ ಆರೋಪಿಯದು. ಯಾರು ಕೊಟ್ಟರು, ಏನಿದೆ ಎಂದರು, ನೀವು ಬಿಚ್ಚಿ ನೋಡಿದಿರಾ, ಎಷ್ಟು ಹಣ ಸಿಕ್ಕಿತು ಎಂಬುದಕ್ಕೆಲ್ಲ ಮೆಸೇಜು, ಕರೆ ದಾಖಲೆ, ಬ್ಯಾಂಕ್ ವಿವರಗಳ ಬೆಂಬಲ ಬೇಕು. 'ನನ್ನ ಸ್ವಂತ ಬಳಕೆಗೆ' ಎನ್ನುವವರು ದಿನಕ್ಕೆ ಎಷ್ಟು ಸೇವಿಸುತ್ತಾರೆ, ಅಷ್ಟು ಕೊಳ್ಳಲು ಹಣ ಎಲ್ಲಿಂದ ಬಂತು ಎಂದು ತೋರಿಸಬೇಕು. ಹಾಗೆ ತೋರಿಸಿದರೂ ವಶದಲ್ಲಿಟ್ಟುಕೊಂಡ ಅಪರಾಧ ಉಳಿದೇ ಇರುತ್ತದೆ. ಬರೀ ಹೊತ್ತು ತಂದವರು ತನಿಖೆಗೆ ಗಣನೀಯವಾಗಿ ನೆರವಾಗಿ, ಸರ್ಕಾರಿ ಅಭಿಯೋಜಕರಿಂದ ಆ ಬಗ್ಗೆ ಪ್ರಮಾಣಪತ್ರ ಸಿಕ್ಕರೆ, ಮರಣದಂಡನೆಯ ಬದಲು ಜೀವಾವಧಿ ಮತ್ತು ಕನಿಷ್ಠ 15 ಛಡಿಯೇಟು ವಿಧಿಸಲು ನ್ಯಾಯಾಧೀಶರಿಗೆ ಅವಕಾಶವಿದೆ. ಪ್ರಮಾಣಪತ್ರ ಕೊಡುವುದು ಬಿಡುವುದು ಅಭಿಯೋಜಕರ ಕೈಯಲ್ಲಿದೆ.

ನಮ್ಮವರು ಅರಿಯದೆ ಸಿಕ್ಕಿಬೀಳುವುದು ಗಾಂಜಾ ಗಿಡದಿಂದ ಮಾಡುವ ಭಂಗಿಯಲ್ಲಿ. ಹೋಳಿಯ ಥಂಡಾಯಿಯೋ ಉತ್ತರ ಕರ್ನಾಟಕದ ಕೆಲವು ಮಠಗಳ ಪ್ರಸಾದವೋ, ಸಿಂಗಪುರದ ದೃಷ್ಟಿಯಲ್ಲಿ ಅದೂ ಗಾಂಜಾವೇ. ಪಿಆರ್ (ಕಾಯಂ ವಾಸದ ಪರವಾನಗಿ) ಅಥವಾ ಪೌರತ್ವ ಪಡೆದವರು ಊರಲ್ಲಿ ಸೇವಿಸಿ ಬಂದರೂ ಸೆಕ್ಷನ್ 8ಎ ಅಡಿ ಅಪರಾಧ. ವರ್ಕ್ ಪಾಸ್‌ನವರಿಗೆ ಆ ಸೆಕ್ಷನ್ ಅನ್ವಯಿಸದು. ಆದರೆ ಮೂತ್ರ ಪರೀಕ್ಷೆಯಲ್ಲಿ ಅಂಶ ಸಿಕ್ಕರೆ ಇಲ್ಲಿ ಸೇವಿಸಿಲ್ಲ ಎಂದು ಒಪ್ಪಿಸುವ ಕಷ್ಟ ಅವರದು. ಪರೀಕ್ಷೆಗೆ ಮೂತ್ರ ಕೊಡದಿರುವುದೇ ಇನ್ನೊಂದು ಅಪರಾಧ. ಪಾಯಸಕ್ಕೆಂದು ತರುವ ಗಸಗಸೆಯೂ ನಿಷಿದ್ಧ ವಸ್ತುಗಳ ಪಟ್ಟಿಯಲ್ಲಿದೆ, ಅದರಲ್ಲಿ ಮಾರ್ಫಿನ್ ಅಂಶ ಇರಬಹುದೆಂಬ ಕಾರಣಕ್ಕೆ. ಕೊಡೀನ್ ಇರುವ ಕೆಮ್ಮಿನ ಔಷಧಿ, ಅಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆ ತರುವ ಮುನ್ನ ಔಷಧಿಗಳನ್ನು ನಿಯಂತ್ರಿಸುವ ಹೆಲ್ತ್ ಸೈನ್ಸಸ್ ಅಥಾರಿಟಿಯ ಅನುಮತಿ ಬೇಕೇ ಎಂದು ನೋಡಿ, ವೈದ್ಯರ ಚೀಟಿ ಜೊತೆಗಿಡಿ.

ಬಂಧನವಾದರೆ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಕಾಣುವ ಹಕ್ಕಿದೆ, ಆದರೆ ತಕ್ಷಣವಲ್ಲ. 'ಸಮಂಜಸ ಸಮಯದಲ್ಲಿ' ಮಾತ್ರ. ಹಾಗಾಗಿ ಹೇಳಿಕೆ ಕೊಡುವಾಗ ನೀವು ಒಬ್ಬರೇ ಇರುತ್ತೀರಿ. ಎಡವುವುದು ಇಲ್ಲೇ. ಆಫೀಸಿನ ಇಂಗ್ಲಿಷ್ ಸಾಕು ಎಂದುಕೊಳ್ಳದೆ ಕನ್ನಡ ದುಭಾಷಿ ಬೇಕೆಂದು ಕೇಳಿ. ಬರೆದದ್ದನ್ನು ಓದಿಸಿಕೊಂಡು, ತಪ್ಪಿದ್ದಲ್ಲಿ ತಿದ್ದಿಸಿದ ಮೇಲೆಯೇ ಸಹಿ ಹಾಕಿ. ಆರೋಪ ಓದಿ ಹೇಳಿದಾಗ ನಿಮ್ಮ ಸಮರ್ಥನೆಯ ಅಂಶಗಳನ್ನು ಅಲ್ಲೇ ಹೇಳದೆ ವಿಚಾರಣೆಯಲ್ಲಿ ಮೊದಲ ಬಾರಿಗೆ ಎತ್ತಿದರೆ ನ್ಯಾಯಾಧೀಶರು ಅದನ್ನು ನಂಬದಿರಬಹುದು. ಆರೋಪಿಗೆ ಕೊಡುವ ನೋಟಿಸಿನಲ್ಲೇ ಈ ಎಚ್ಚರಿಕೆ ಇರುತ್ತದೆ.

ಭಾರತೀಯ ಹೈಕಮಿಷನ್‌ಗೆ ತಿಳಿಸಿ ಎಂದು ಕೇಳಿ. ಹೈಕಮಿಷನ್ ಭೇಟಿಗೆ ಬರಬಹುದು, ಕುಟುಂಬಕ್ಕೆ ಸುದ್ದಿ ಮುಟ್ಟಿಸಬಹುದು, ಬಿಡಿಸಲು ಮಾತ್ರ ಆಗದು. ವಕೀಲರ ಖರ್ಚು ಭರಿಸಲಾಗದ ಆರೋಪಿಗಳ ಪರ ವಾದಿಸಲು 2022ರಲ್ಲಿ ಶುರುವಾದ ಸರ್ಕಾರಿ ಕಚೇರಿ ಪಬ್ಲಿಕ್ ಡಿಫೆಂಡರ್ಸ್ ಆಫೀಸ್ ಇರುವುದು ಪೌರರಿಗೆ ಮತ್ತು ಪಿಆರ್‌ಗಳಿಗೆ. ಮರಣದಂಡನೆಯ ಆರೋಪವಾದರೆ ಯಾವ ದೇಶದವರಿಗಾದರೂ ಲಾಸ್ಕೊ ಎಂಬ ಕಾನೂನು ನೆರವಿನ ಯೋಜನೆಯಡಿ ವಕೀಲರು ಸಿಗುತ್ತಾರೆ, ಶುಲ್ಕವಿಲ್ಲದೆ.