ಗಿಡ್ಡ ಸ್ಕೇಲ್ ಗಿಟಾರ್: ನಾನು ತಂತಿಯಿಂದ ಶುರು ಮಾಡಿದೆ

ನನ್ನ ಕೈ ಚಿಕ್ಕದು. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೂರು ವರ್ಷ ಒದ್ದಾಡಿದೆ. ಮೊದಲ ಫ್ರೆಟ್ (ಕುತ್ತಿಗೆ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ತೋರುಬೆರಳಿಟ್ಟು ನಾಲ್ಕನೆಯದಕ್ಕೆ ಕಿರುಬೆರಳು ಚಾಚಿದರೆ ಮಣಿಕಟ್ಟು ನೋಯುತ್ತಿತ್ತು. ಅಭ್ಯಾಸ ಸಾಲದು ಅಂತಲೇ ಅಂದುಕೊಂಡಿದ್ದೆ.

ಒಂದು ದಿನ ಟೇಪು ಹಿಡಿದು ಕೂತೆ. ನಟ್‌ನಿಂದ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ವರೆಗೆ ಅಳೆದು ಎರಡರಿಂದ ಗುಣಿಸಿದರೆ ಸ್ಕೇಲ್, ಅಂದರೆ ಮಿಡಿಯುವ ತಂತಿಯ ಉದ್ದ, ಸಿಗುತ್ತದೆ. ಸ್ಟ್ರಾಟ್‌ಗೆ 25.5 ಇಂಚು, ಅದೇ ಕಂಪನಿಯ ಮಸ್ಟಾಂಗ್‌ಗೆ 24. ಒಂದೂವರೆ ಇಂಚು ಏನು ಮಹಾ, ಅಲ್ವಾ? ಆದರೆ ನಟ್‌ನಿಂದ ನಾಲ್ಕನೇ ಫ್ರೆಟ್‌ವರೆಗಿನ ದೂರದಲ್ಲೇ ಸುಮಾರು 8 ಮಿ.ಮೀ. ಕಡಿಮೆಯಾಗುತ್ತದೆ. ನನ್ನ ಕಿರುಬೆರಳಿಗೆ ಅಷ್ಟೇ ಬೇಕಿತ್ತು.

ಮೊದಲು ಐಬನೆಜ್ ಮೈಕ್ರೊ ನುಡಿಸಿ ನೋಡಿದೆ, 22.2 ಇಂಚು. ಎಡಗೈಗೆ ಸ್ವರ್ಗ. ಆದರೆ ಮೇಲಿನ ಫ್ರೆಟ್‌ಗಳಲ್ಲಿ ಬೆರಳುಗಳು ಒಂದರ ಮೇಲೊಂದು ಹತ್ತುತ್ತವೆ, ಅತಿ ದಪ್ಪದ ಇ ತಂತಿ ಒಣಹಾಕಿದ ಬಟ್ಟೆಯ ಹಗ್ಗದ ಹಾಗೆ ಜೋಲುತ್ತದೆ. ಮಕ್ಕಳಿಗೆ ಚೆನ್ನಾಗಿದೆ, ನನಗೆ ಬೇಡ ಅನ್ನಿಸಿತು. ಹಾಗಂತ ಗಿಡ್ಡ ಸ್ಕೇಲ್ ಅಂದರೆ ಕಲಿಯುವವರ ಸಾಮಾನು ಅಂತ ಯಾರಾದರೂ ಅಂದರೆ ನಂಬಬೇಡಿ. 1956ರಲ್ಲಿ ಫೆಂಡರ್ ಮ್ಯೂಸಿಕ್‌ಮಾಸ್ಟರ್, ಡ್ಯುಯೊ-ಸಾನಿಕ್ ತಂದಿದ್ದು ಕಲಿಯುವವರಿಗೇ, ನಿಜ. ಆದರೆ 1962ರ ಜಾಗ್ವಾರ್ ಅದೇ ಕಂಪನಿಯ ದುಬಾರಿ ಮಾದರಿ, ಅದೂ 24 ಇಂಚೇ.

ಕೊನೆಗೆ ಸೆಕೆಂಡ್ ಹ್ಯಾಂಡ್ ಸ್ಕ್ವಯರ್ (ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್) ಬುಲೆಟ್ ಮಸ್ಟಾಂಗ್ ತಗೊಂಡೆ. ಎರಡು ಹಂಬಕರ್ (ತಂತಿಯ ಸದ್ದು ಹಿಡಿಯುವ ಪಿಕಪ್‌ನ ಒಂದು ಬಗೆ), ಅಲುಗಾಡದ ಬ್ರಿಡ್ಜ್ (ಮೈಮೇಲೆ ತಂತಿ ಕೂರುವ ಆಧಾರ). ಬೆರಳು ಓಡಾಡುವ ಹಲಗೆ ಇಂಡಿಯನ್ ಲಾರೆಲ್, ಅಂದರೆ ನಮ್ಮ ಮತ್ತಿ ಮರ! ಇದೊಂದು ವಿಷಯ ಹೇಳಿಕೊಂಡು ಸುಮ್ನೆ ಜಂಬ ಪಡುತ್ತಿರುತ್ತೇನೆ.

ಅದರ ಮೇಲಿದ್ದದ್ದು 9ರ ತಂತಿ, ಅಂದರೆ ಅತಿ ತೆಳು ತಂತಿಯ ದಪ್ಪ 0.009 ಇಂಚು. ಜೋರಾಗಿ ಒತ್ತಿದರೆ ಸಾಕು, ಶ್ರುತಿ ಏರಿಬಿಡುತ್ತಿತ್ತು. ಕಾರಣ ಸರಳ: ಅದೇ ತಂತಿ, ಅದೇ ಶ್ರುತಿ ಇಟ್ಟು ಉದ್ದ 25.5ರಿಂದ 24ಕ್ಕೆ ಇಳಿಸಿದರೆ ಬಿಗಿ ಸುಮಾರು 11 ಶೇಕಡಾ ಕಡಿಮೆಯಾಗುತ್ತದೆ. ಪಿಕಪ್ ಬದಲಿಸು, ಪಿಕಪ್ ಬದಲಿಸು ಅಂತ ಗೆಳೆಯರು ತಲೆ ತಿಂದರು, ನಾನೂ ಒಂದು ತಂದಿಟ್ಟೆ, ಆದರೆ ಮೊದಲು ಹಾಕಿದ್ದು ಇನ್ನೂ ದಪ್ಪನೆಯ 11–49ರ ತಂತಿ. ಬಿಗಿ ಬಂತು. ಜೊತೆಗೆ ಹೊಸ ತಲೆನೋವೂ ಬಂತು.

ನಟ್‌ನ ಕಚ್ಚುಗಳನ್ನು 9ರ ತಂತಿಗೆ ತಕ್ಕಂತೆ ಕೊರೆದಿದ್ದರು. ದಪ್ಪ ತಂತಿ ಅಲ್ಲಿ ಸಿಕ್ಕಿಕೊಂಡು, ಟ್ಯೂನರ್ ತಿರುಗಿಸಿದಾಗ "ಟಿಂಕ್" ಅಂತ ಹಾರಿ ಶ್ರುತಿ ದಾಟಿ ಹೋಗುತ್ತಿತ್ತು. ಹಳೇ ತಂತಿಗೆ ಸಣ್ಣ ಮರಳುಕಾಗದ ಸುತ್ತಿ ಉಜ್ಜಿದೆ. ಅಗಲ ಮಾಡಬೇಕಿತ್ತು ಅಷ್ಟೇ, ನಾನು ಆಳ ಮಾಡಿಬಿಟ್ಟೆ. ಜಿ ತಂತಿ ಬಿಟ್ಟು ಮೀಟಿದರೆ ಮೊದಲ ಫ್ರೆಟ್‌ಗೆ ತಾಗಿ ಜುಯ್ ಅನ್ನುತ್ತಿತ್ತು. ಬೈದುಕೊಳ್ಳಲು ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಕಚ್ಚಿಗೆ ಚಿಟಿಕೆ ಅಡುಗೆ ಸೋಡಾ ತುಂಬಿ ಸೂಪರ್ ಗ್ಲೂ ಒಂದು ಹನಿ ಬಿಟ್ಟೆ. ಕ್ಷಣದಲ್ಲಿ ಕಲ್ಲಾಯಿತು. ಸುತ್ತ ಟೇಪು ಅಂಟಿಸಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಫ್ರೆಟ್ ಮೇಲೂ ಹರಿಯುತ್ತಿತ್ತು. ಮತ್ತೆ ಉಜ್ಜಿದೆ, ಈ ಸಲ ಎರಡು ಸಂಜೆ, ನಾಲ್ಕು ಸಲ ಉಜ್ಜಿ ಒಂದು ಸಲ ತಂತಿ ಕೂರಿಸಿ ನೋಡುತ್ತಾ.

ದಪ್ಪ ತಂತಿಯ ಎಳೆತಕ್ಕೆ ಕುತ್ತಿಗೆ ಸ್ವಲ್ಪ ಬಾಗಿತ್ತು. ಕುತ್ತಿಗೆಯೊಳಗಿನ ಲೋಹದ ಸರಳು, ಟ್ರಸ್ ರಾಡ್, ಕಾಲು ಸುತ್ತು ಬಿಗಿ ಮಾಡಿದೆ. 12ನೇ ಫ್ರೆಟ್ ಒತ್ತಿದ ಸ್ವರ ಅದೇ ಜಾಗದಲ್ಲಿ ತಂತಿಯನ್ನು ಸುಮ್ನೆ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್‌ಗಿಂತ ಏರಿದ್ದ ತಂತಿಗಳ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ ಸರಿಸಿದೆ. ನಾದ ಮಂಕು ಅನ್ನಿಸಿದಾಗ ಕುತ್ತಿಗೆ ಕಡೆಯ ಪಿಕಪ್ಪನ್ನು ತಂತಿಯಿಂದ ಒಂದಿಷ್ಟು ಕೆಳಗಿಳಿಸಿದೆ, ನಾದ ತಿಳಿಯಾಯಿತು.

ತಂದಿಟ್ಟ ಪಿಕಪ್ ಇನ್ನೂ ಡಬ್ಬಿಯಲ್ಲೇ ಇದೆ. ಯಾರಿಗಾದರೂ ಬೇಕಾದರೆ ಕೊಟ್ಟುಬಿಡುತ್ತೇನೆ.