ಶೆಫೀಲ್ಡಿಗೆ ಹೊಸದಾಗಿ ಬಂದವರಿಗೆ: ವಾರಾಂತ್ಯದಲ್ಲಿ ಗುಡ್ಡದ ದಾರಿ

ಶೆಫೀಲ್ಡಿಗೆ ಬಂದವರು ಮೊದಲ ರಜೆ ಸಿಕ್ಕ ಕೂಡಲೇ ಲಂಡನ್ನಿಗೋ ಸ್ಕಾಟ್ಲೆಂಡಿಗೋ ಟಿಕೆಟ್ ತೆಗೆಯುತ್ತಾರೆ. ಅವಸರ ಬೇಡ. 1951ರಲ್ಲಿ ಘೋಷಣೆಯಾದ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ ಪೀಕ್ ಡಿಸ್ಟ್ರಿಕ್ಟ್, ಈ ಊರಿನ ಗಡಿಯೊಳಕ್ಕೇ ಚಾಚಿಕೊಂಡಿದೆ. ರಾಷ್ಟ್ರೀಯ ಉದ್ಯಾನ ಎಂದಾಕ್ಷಣ ಬಂಡೀಪುರ, ನಾಗರಹೊಳೆ ನೆನಪಾಗುವುದು ಸಹಜ. ಇಲ್ಲಿ ಹಾಗಲ್ಲ; ಗೇಟಿಲ್ಲ, ಪ್ರವೇಶ ಶುಲ್ಕವಿಲ್ಲ, ಹಳ್ಳಿಗಳು, ಕುರಿ ಮೇಯುವ ಹೊಲಗಳು ಎಲ್ಲ ಅದರೊಳಗೇ ಇವೆ.

ಕಾರು ಕೊಳ್ಳುವ ತನಕ ಕಾಯಬೇಕಿಲ್ಲ. ಮ್ಯಾಂಚೆಸ್ಟರ್ ಕಡೆಗಿನ ಹೋಪ್ ವ್ಯಾಲಿ ರೈಲು ಮಾರ್ಗದಲ್ಲಿ ಗ್ರಿಂಡಲ್‌ಫರ್ಡ್, ಹ್ಯಾದರ್‌ಸೇಜ್, ಬ್ಯಾಮ್‌ಫರ್ಡ್, ಹೋಪ್, ಈಡೇಲ್ ಸಾಲಾಗಿ ಬರುತ್ತವೆ. ಈಡೇಲಿಗೂ ಅರ್ಧ ಗಂಟೆ ಚಿಲ್ಲರೆ, ಅಷ್ಟೆ. ಹೊಸಬರು ಎಡವುವುದು ಒಂದು ಕಡೆ: ಅದೇ ಹಳಿಯಲ್ಲಿ ಓಡುವ ವೇಗದ ರೈಲುಗಳು ಸಾಮಾನ್ಯವಾಗಿ ಈ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ. ಬೋರ್ಡಿನಲ್ಲಿ ಮ್ಯಾಂಚೆಸ್ಟರ್ ಎಂದಿದ್ದರೆ ಸಾಲದು, ಅದರ ಕೆಳಗೆ ನೀವಿಳಿಯುವ ಸ್ಟೇಷನ್ನಿನ ಹೆಸರೂ ಇರಬೇಕು. ಇಲ್ಲದಿದ್ದರೆ ಸ್ಟಾಕ್‌ಪೋರ್ಟಿನಲ್ಲಿ ಇಳಿದು ವಾಪಸು ಬರಬೇಕಾದೀತು. ಮೂವರಿಂದ ಒಂಬತ್ತು ಮಂದಿ ಜೊತೆಯಾಗಿ ಹೋಗುವುದಾದರೆ ಗ್ರೂಪ್‌ಸೇವ್ ಟಿಕೆಟ್ ತೆಗೆಯಿರಿ, ಜನದಟ್ಟಣೆ ಇಲ್ಲದ ಹೊತ್ತಿನಲ್ಲಿ ಮೂರರಲ್ಲಿ ಒಂದು ಪಾಲು ಕಡಿಮೆ. 5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಬೇಡ.

ಪುಟ್ಟ ಮಕ್ಕಳಿದ್ದರೆ, ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಮೊದಲ ಸಲ ಗ್ರಿಂಡಲ್‌ಫರ್ಡಿನಲ್ಲಿ ಇಳಿಯಿರಿ. ಮೂರೂವರೆ ಮೈಲಿಯ ಟಾಟ್ಲಿ ಸುರಂಗ ಮುಗಿದಲ್ಲೇ ಸ್ಟೇಷನ್. ಅಲ್ಲಿಂದ ಪ್ಯಾಡ್ಲಿ ಗಾರ್ಜ್ ಎಂಬ ಕಣಿವೆಯ ಓಕ್ ಕಾಡಿನಲ್ಲಿ ಹಳ್ಳದ ಪಕ್ಕದಲ್ಲೇ ಏರಬೇಕು. ಬೇರು, ಕಲ್ಲು ಒದ್ದೆಯಾದರೆ ಜಾರುತ್ತವೆ. ತಳ್ಳುಗಾಡಿ ಇಲ್ಲಿ ನಡೆಯುವುದಿಲ್ಲ. ಮೇಲೆ ಬಯಲು ತೆರೆದುಕೊಂಡಾಗ ಮಕ್ಕಳು ಹಳ್ಳಕ್ಕೆ ಇಳಿಯದೆ ಬಿಡುವುದಿಲ್ಲ, ಹಾಗಾಗಿ ಒಂದು ಜೊತೆ ಒಣ ಬಟ್ಟೆ ಇರಲಿ. ಪಕ್ಕದ ಲಾಂಗ್‌ಶಾ ಎಸ್ಟೇಟಿನಲ್ಲಿ ಕಾಫಿ ಸಿಗುತ್ತದೆ. ಮಂಡಿ ನೋವಿದ್ದವರು ಮತ್ತೆ ಇಳಿಯುವ ಬದಲು ಫಾಕ್ಸ್ ಹೌಸ್ ಬಳಿ ಬಸ್ ಹಿಡಿದು ಊರಿಗೆ ಬರಬಹುದು.

ಕಾಲು ಗಟ್ಟಿಯಿದ್ದವರಿಗೆ ಈಡೇಲ್. ಸ್ಟೇಷನ್ನಿನಿಂದ ಗುಡ್ಡದ ಏಣಿನ ಮೇಲಿರುವ ಹಾಲಿನ್ಸ್ ಕ್ರಾಸಿಗೆ ಏರಿ, ಬಲಕ್ಕೆ ತಿರುಗಿ ಏಣಿನ ಮೇಲೇ ನಡೆದರೆ 517 ಮೀಟರಿನ ಮ್ಯಾಮ್ ಟಾರ್. ಆ ದಾರಿಗೆ ಕಲ್ಲು ಚಪ್ಪಡಿ ಹಾಸಿದ್ದಾರೆ, ಎರಡೂ ಕಡೆ ಕಣಿವೆ. ಕೆಳಗೆ ಕುಸಿದು ಚೂರಾದ ಡಾಂಬರು ರಸ್ತೆ ಕಾಣುತ್ತದೆ. ಗುಡ್ಡ ಪದೇ ಪದೇ ಜರಿದು, 1979ರಲ್ಲಿ ಅದನ್ನು ಮುಚ್ಚಿಯೇಬಿಟ್ಟರು. ಕ್ಯಾಸಲ್ಟನ್ ಕಡೆ ಇಳಿದು ಹೋಪ್ ಸ್ಟೇಷನ್ ಸೇರಬಹುದು. ಊಟ ಸೇರಿ ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಎದುರಿನ 636 ಮೀಟರಿನ ಕಿಂಡರ್ ಸ್ಕೌಟ್ ಮಾತ್ರ ಮೊದಲ ವರ್ಷ ಬೇಡ. ಮೇಲೆ ಚಪ್ಪಟೆ, ಜವುಗು. ಮಂಜು ಕವಿದರೆ ಎಲ್ಲ ದಿಕ್ಕೂ ಒಂದೇ ಥರ.

ಇಲ್ಲಿ ತೊಂದರೆ ಕೊಡುವುದು ಎತ್ತರಕ್ಕಿಂತ ಹೆಚ್ಚಾಗಿ ಹೊತ್ತು ಮತ್ತು ಬಟ್ಟೆ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ನಮ್ಮ ಕಡೆ ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಇಲ್ಲಿ ಗುಡ್ಡದ ಮೇಲೆ ಕತ್ತಲು. ಜೀನ್ಸ್ ಒಮ್ಮೆ ನೆನೆದರೆ ಒಣಗದು, ಗಾಳಿಗೆ ಮೈಯ ಕಾವನ್ನೆಲ್ಲ ಹೀರುತ್ತದೆ. ಛತ್ರಿ ಮೊದಲ ಗಾಳಿಗೇ ಮಗುಚುತ್ತದೆ, ಟೋಪಿಯಿರುವ ಮಳೆ ಜಾಕೆಟ್ಟೇ ಸರಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಅಪಾಯವಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಬೇಕು.

ಮಳೆ ಬಿಡದ ದಿನಕ್ಕೆ ಊರೊಳಗೆ ವಿಂಟರ್ ಗಾರ್ಡನ್ ಎಂಬ ಗಾಜಿನ ಮನೆ, ಅದಕ್ಕೆ ಅಂಟಿಕೊಂಡ ಮಿಲೇನಿಯಮ್ ಗ್ಯಾಲರಿ, ವೆಸ್ಟನ್ ಪಾರ್ಕ್ ಮ್ಯೂಸಿಯಂ ಇವೆ, ಎಲ್ಲ ಪುಕ್ಕಟೆ. ಕೆಲಮ್ ಐಲ್ಯಾಂಡ್ ಮ್ಯೂಸಿಯಮ್ಮಿಗೆ ಟಿಕೆಟ್ ಇದೆ, ಆದರೆ 12,000 ಅಶ್ವಶಕ್ತಿಯ ರಿವರ್ ಡಾನ್ ಉಗಿ ಎಂಜಿನ್ ಓಡಿಸುವ ಹೊತ್ತು ತಿಳಿದುಕೊಂಡು ಹೋದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಬುತ್ತಿಯ ವಿಷಯ. ಚಿತ್ರಾನ್ನ, ಪುಳಿಯೋಗರೆ ಈ ಚಳಿಗೆ ಅಗುಳು ಅಗುಳಾಗಿ ಗಟ್ಟಿಯಾಗುತ್ತವೆ. ಚಪಾತಿಯಲ್ಲಿ ಪಲ್ಯ ಸುತ್ತಿಕೊಳ್ಳಿ, ಫ್ಲಾಸ್ಕಿನಲ್ಲಿ ಬಿಸಿ ಸಾರು ತುಂಬಿಕೊಳ್ಳಿ. ಸಸ್ಯಾಹಾರಿಗಳು ಚಿಪ್ಸ್ ಅಂಗಡಿಯಲ್ಲಿ ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಲೇಬೇಕು, ಶೆಫೀಲ್ಡ್ ಇರುವ ಯಾರ್ಕ್‌ಷೈರಿನಲ್ಲಿ ದನದ ಕೊಬ್ಬಿನಲ್ಲಿ ಕರಿಯುವುದು ಈಗಲೂ ಸಾಮಾನ್ಯ. ಬೇಕ್‌ವೆಲ್ ಪುಡಿಂಗಿನಲ್ಲಿ ಮೊಟ್ಟೆ ಇರುತ್ತದೆ. ವೂಸ್ಟರ್ ಸಾಸಿನಲ್ಲಿ ಮೀನು. ಅದೇ ಬಣ್ಣದ ಶೆಫೀಲ್ಡಿನ ಹೆಂಡರ್ಸನ್ಸ್ ರೆಲಿಶ್ ಎಂಬ ಸಾಸ್ ಮಾತ್ರ ಪೂರ್ತಿ ಸಸ್ಯಾಹಾರ, ಅದರ ಹುಳಿಯಲ್ಲಿ ನಮ್ಮ ಹುಣಸೆಯೂ ಇದೆ.