ಪಂಪು ಎರಡು, ಟಿಸಿ ಒಂದು: ಒಟ್ಟಿಗೇ ಕೆಡುವ ಸುರಕ್ಷತಾ ವ್ಯವಸ್ಥೆಗಳನ್ನು ಪತ್ತೆ ಹಚ್ಚುವುದು

ಕೋಲಾರದ ಕಡೆ ಒಂದು ಬೋರ್‌ವೆಲ್ ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಕೊರೆಸುತ್ತಾರೆ. ಎರಡಕ್ಕೂ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಒಂದೇ ಆದರೆ ಅದು ಸುಟ್ಟ ದಿನ ಎರಡು ಮೋಟರೂ ನಿಂತವು. ಟಿಸಿ ಬೇರೆಯಾದರೂ ಕೆಳಗಿನ ಅಂತರ್ಜಲ ಒಂದೇ ಇರಬಹುದು. ಪರಮಾಣು ಸ್ಥಾವರದಲ್ಲಿ ಹುಡುಕಬೇಕಾದ್ದೂ ಎರಡನ್ನೂ ಒಟ್ಟಿಗೇ ಕೆಡಿಸುವ ಇಂಥ ಕೊಂಡಿಗಳನ್ನೇ.

ಪ್ರತಿ ಪಂಪು, ಪ್ರತಿ ಡೀಸೆಲ್ ಜನರೇಟರಿಗೆ ಏನೇನು ಬೇಕೆಂದು ಕೋಷ್ಟಕ ಹಾಕಿ: ವಿದ್ಯುತ್ ಹಂಚುವ ಬಸ್ (ಬಸ್‌ಬಾರ್), ಕಂಟ್ರೋಲಿಗೆ ಬ್ಯಾಟರಿಯಿಂದ ಬರುವ ಡಿಸಿ ವಿದ್ಯುತ್, ತಣಿಸುವ ನೀರು, ವಾಲ್ವುಗಳಿಗೆ ಗಾಳಿ, ಕೋಣೆಯ ಫ್ಯಾನು, ಸ್ಟಾರ್ಟ್ ಸಿಗ್ನಲ್. ಒಂದೊಂದನ್ನೂ ಅದರ ಮೂಲದವರೆಗೆ ಹಿಡಿದುಕೊಂಡು ಹೋಗಿ. ಕಣ್ತಪ್ಪುವುದು ಹೆಚ್ಚಾಗಿ ಡಿಸಿ: ಜನರೇಟರು ಎರಡಿದ್ದೂ ಅವನ್ನು ಲೈನಿಗೆ ಜೋಡಿಸುವ ಸ್ವಿಚ್ಚು, ಅಂದರೆ ಬ್ರೇಕರ್, ಕೂಡಿಸಲು ಬ್ಯಾಟರಿ ಒಂದೇ ಆದರೆ ಎರಡೂ ದಂಡ.

ಆಮೇಲೆ ನಕ್ಷೆ ಮಡಚಿಟ್ಟು ಸ್ಥಳಕ್ಕೇ ನಡೆಯಿರಿ. ಕೇಬಲ್ ಯಾವ ದಾರಿಯಲ್ಲಿ ಹೋಗಿದೆ, ಗೋಡೆ ತೂರುವಲ್ಲಿ ಬೆಂಕಿತಡೆ ಇದೆಯೇ, ನೀರು ನುಗ್ಗಿದರೆ ಯಾವ ಪ್ಯಾನೆಲ್ ಮೊದಲು ಮುಳುಗುತ್ತದೆ ಎಂದು ಕೋಣೆವಾರು ಗುರುತು ಮಾಡಿ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಪರಮಾಣು ಸ್ಥಾವರದಲ್ಲಿ ಟರ್ಬೈನಿನ ಬ್ಲೇಡು ಮುರಿದು, ಹೈಡ್ರೋಜನ್ ಮತ್ತು ಎಣ್ಣೆಗೆ ಬೆಂಕಿ ಹತ್ತಿತು. ಅದು ಕೇಬಲ್ ದಾರಿಯಲ್ಲೇ ಹಬ್ಬಿ, ಬದಲಿ ವಿದ್ಯುತ್ತೂ ಹೋಗಿ, ಸ್ಥಾವರ ಸುಮಾರು 17 ಗಂಟೆ ಕತ್ತಲಲ್ಲಿತ್ತು. ಕೊನೆಗೆ ರಿಯಾಕ್ಟರಿನ ಶಾಖ ಎಳೆದುಕೊಳ್ಳುವ ಸ್ಟೀಮ್ ಜನರೇಟರಿಗೆ ನೀರು ಕೊಟ್ಟದ್ದು ಡೀಸೆಲ್ಲಿನಿಂದ ಓಡುವ ಅಗ್ನಿಶಾಮಕ ಪಂಪುಗಳು. ಅವಕ್ಕೆ ಆ ಕೇಬಲ್ಲುಗಳ ಹಂಗಿರಲಿಲ್ಲ.

ಮನುಷ್ಯರ ಕೈ ಮೂರನೆಯ ಕೊಂಡಿ. ಒಂದೇ ತಂಡ, ಒಂದೇ ಗೇಜಿನಿಂದ, ಒಂದೇ ದಿನ ಎಲ್ಲ ಅಳತೆಯ ಚಾನೆಲ್ಲುಗಳನ್ನೂ ಕ್ಯಾಲಿಬ್ರೇಟ್ ಮಾಡಿತೇ? ನಿರ್ವಹಣೆಯ ರಿಜಿಸ್ಟರಿನಲ್ಲಿ ದಿನಾಂಕ, ಸಹಿ ತಾಳೆ ನೋಡಿ. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಸ್ಥಾವರದಲ್ಲಿ ಸ್ಟೀಮ್ ಜನರೇಟರಿಗೆ ನೀರು ಕೊಡುವ ತುರ್ತು ಫೀಡ್‌ವಾಟರ್ ಪಂಪುಗಳೇನೋ ಓಡಿದವು, ಆದರೆ ಎರಡೂ ಸಾಲಿನ ವಾಲ್ವು ಮುಚ್ಚಿದ್ದರಿಂದ ನೀರು ಮುಟ್ಟಲಿಲ್ಲ. ತಯಾರಕ, ಮಾಡೆಲ್, ಸಾಫ್ಟ್‌ವೇರ್ ಒಂದೇ ಇದ್ದರೂ ಹೀಗೇ ಗುರುತಿಸಿ.

ಇಷ್ಟಾದ ಮೇಲೆ ಲೆಕ್ಕ. ಒಂದು ಪಂಪು ಕೈಕೊಡುವ ಸಂಭವ 1,000ಕ್ಕೆ 1 ಎಂದುಕೊಳ್ಳಿ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಎರಡೂ ಕೆಡುವುದು 10 ಲಕ್ಷಕ್ಕೆ 1. ಕೆಡುವ ಸಂದರ್ಭಗಳಲ್ಲಿ ಹತ್ತನೇ ಒಂದು ಪಾಲು ಎರಡಕ್ಕೂ ಸೇರಿದ ಕಾರಣದಿಂದ, ಅಂದರೆ ಬೀಟಾ 0.1, ಎಂದರೆ ಅದು 10,000ಕ್ಕೆ 1: ನೂರು ಪಟ್ಟು ಕೆಟ್ಟದ್ದು. ಅದೇ ಕಾರಣ ಮೂರನೆಯದನ್ನೂ ಹಿಡಿಯುವುದಾದರೆ ಅದೇ ನಮೂನೆಯ ಇನ್ನೊಂದು ಪಂಪು ಹಾಕಿದರೂ ಈ ಅಂಕಿ ಹೆಚ್ಚು ಅಲುಗುವುದಿಲ್ಲ.

ಬ್ಯಾಟರಿ, ಬಸ್, ಕೋಣೆಯಂಥ ಹೆಸರಿಟ್ಟು ಹೇಳಬಹುದಾದ ಕೊಂಡಿಗಳು ಫಾಲ್ಟ್ ಟ್ರೀಯಲ್ಲಿ (ಯಾವುದು ಕೆಟ್ಟರೆ ಏನು ಕೆಡುತ್ತದೆ ಎಂದು ತೋರಿಸುವ ಮರದಂಥ ನಕ್ಷೆ) ಬೇರೆಯಾಗೇ ಬರಲಿ. ಹೆಸರು ಸಿಗದೆ ಉಳಿದದ್ದಕ್ಕೆ ಮಾತ್ರ ಬೀಟಾ ಹಾಕಿ. ಎರಡೂ ಕಡೆ ಸೇರಿಸಿದರೆ ಒಂದೇ ದೋಷ ಎರಡು ಸಲ ಎಣಿಕೆಯಾಗುತ್ತದೆ.